ಜ್ಯೂಸ್ ಕೈಗೆ ಕತ್ತಿ ಯಾಕೆ?

'ಗಾಡ್ ಆಫ್ ವಾರ್ 2' (2007) ವಿಡಿಯೋ ಗೇಮ್ ಆಡಿದವರಿಗೆ 'ಬ್ಲೇಡ್ ಆಫ್ ಒಲಿಂಪಸ್' ಗೊತ್ತಿರುತ್ತೆ. ಟೈಟನ್ನರ ಜೊತೆಗಿನ ಮಹಾಯುದ್ಧ ಮುಗಿಸೋಕೆ ಜ್ಯೂಸ್ (ಕುಡಿಯೋದಲ್ಲ, ಗ್ರೀಕರ ದೇವರಾಜ!) ತಾನೇ ಮಾಡಿಕೊಂಡ ಕತ್ತಿ ಅದು. ನಾಯಕ ಕ್ರೇಟೋಸ್‌ನ ಶಕ್ತಿಯನ್ನೆಲ್ಲ ಅದರೊಳಗೆ ತುಂಬಿಸಿಕೊಂಡು, ಅದರಿಂದಲೇ ಅವನನ್ನು ಇರಿಯುತ್ತಾನೆ. ಆಟಕ್ಕೆ ಮಸ್ತ್ ಆರಂಭ, ಒಪ್ಪಿದೆ.

ಆದ್ರೆ ಗ್ರೀಕ್ ಕವಿ ಹೆಸಿಯಡ್‌ನ 'ಥಿಯಾಗನಿ'ಯಲ್ಲಿ ಈ ಕತ್ತಿಯೇ ಇಲ್ಲ. ಅಲ್ಲಿ ಜ್ಯೂಸ್, ಸೆರೆಯಲ್ಲಿದ್ದ ಒಕ್ಕಣ್ಣ ಸೈಕ್ಲೋಪ್‌ಗಳನ್ನು ಬಿಡಿಸ್ತಾನೆ. ಆ ಉಪಕಾರಕ್ಕೆ ಅವರು ಸಿಡಿಲು ಕೊಡ್ತಾರೆ. ನೂರು ಕೈಗಳ ದೈತ್ಯರೂ ಜೊತೆಗೆ ನಿಂತ ಮೇಲೇ ಗೆಲುವು. ಅಂದ್ರೆ ದೇವರಾಜನ ಪಟ್ಟವೂ ಬೇರೆಯವರ ಋಣ. ಕತ್ತಿ ಬಂದದ್ದೇ ತಡ, ಆ ಋಣ ಮಾಯ!

ಹೊಸ ಆಯುಧ ಸೃಷ್ಟಿಸಲಿ, ಬೇಡ ಅನ್ನಲ್ಲ. ಆದ್ರೆ ಹಳೇ ಕಥೆಯ ತಿರುಳನ್ನೇ ಕಿತ್ತುಹಾಕಿದರೆ ಉಳಿಯೋದು ಬರೀ ಹೊಡೆದಾಟ. ನೀವೇನಂತೀರಿ?