ಅಗ್ಗದ ಬೆಲೆಯನ್ನು ತೆರುವವರಾರು?

ಕಡಿಮೆ ಬೆಲೆಗೆ ಸಾಮಾನು ದೊರಕುವುದು ಬಡ ಕುಟುಂಬಕ್ಕೆ ಸಣ್ಣ ಸಂಗತಿಯಲ್ಲ. ತಿಂಗಳ ಕೊನೆಯ ವಾರದಲ್ಲಿ ಮನೆ ನಡೆಸುವ ತಾಯಂದಿರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದುದರಿಂದ ಅಗ್ಗದ ಮಾರಾಟವನ್ನೆಲ್ಲ ಅನ್ಯಾಯವೆಂದು ಸಾರುವುದು ಸರಿಯಲ್ಲ. ಆದರೆ ಬೆಲೆ ಯಾವ ಕಾರಣದಿಂದ ಇಳಿಯಿತು ಎಂದು ನಾವು ಕೇಳಲೇಬೇಕು. ಈ ವಿಚಾರದಲ್ಲಿ ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆಯ ಚರಿತ್ರೆ ಗಮನಾರ್ಹವಾದುದು.

1962ರಲ್ಲಿ ಸ್ಯಾಮ್ ವಾಲ್ಟನ್ ಅರ್ಕಾನ್ಸಾ ರಾಜ್ಯದ ರೋಜರ್ಸ್ ಪಟ್ಟಣದಲ್ಲಿ ತೆರೆದ ಅಂಗಡಿಯಿಂದ ಬೆಳೆದ ಈ ಸಂಸ್ಥೆಯಲ್ಲಿ ಇಂದು ಸುಮಾರು 21 ಲಕ್ಷ ಜನ ದುಡಿಯುತ್ತಾರೆ. ಅದರ ಅಗ್ಗದ ಬೆಲೆಗೆ ಎರಡು ಮೂಲಗಳಿವೆ. ಒಂದು ದಕ್ಷತೆ: ಗಣಕಯಂತ್ರದ ಲೆಕ್ಕ, ಸ್ವಂತ ಉಗ್ರಾಣ, ಸ್ವಂತ ಲಾರಿಗಳು. ಇದು ಮೆಚ್ಚತಕ್ಕದ್ದೇ. ಇನ್ನೊಂದು ಬಲ: ತಯಾರಕರನ್ನೂ ಕೆಲಸಗಾರರನ್ನೂ ತನ್ನ ಷರತ್ತಿಗೆ ಒಗ್ಗಿಸಿಕೊಳ್ಳುವ ಶಕ್ತಿ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಗೊಂದಲ ಹುಟ್ಟುತ್ತದೆ.

ಊರಿನಲ್ಲಿ ಹತ್ತು ಅಂಗಡಿಗಳಿದ್ದರೆ, ಒಬ್ಬ ಧಣಿಯ ಸಂಬಳ ಸಾಲದೆಂದು ಕೆಲಸಗಾರನು ಇನ್ನೊಬ್ಬನ ಬಳಿ ಹೋಗಬಹುದು. ಅಂಗಡಿ ಒಂದೇ ಉಳಿದಾಗ ಈ ಆಯ್ಕೆ ಇಲ್ಲವಾಗುತ್ತದೆ. 2008ರಲ್ಲಿ ಡೇವಿಡ್ ನ್ಯೂಮಾರ್ಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾಲ್‌ಮಾರ್ಟ್‌ನ ಪ್ರತಿಯೊಂದು ನೌಕರಿಗೆ ಪ್ರತಿಯಾಗಿ ಆ ಪ್ರದೇಶದ ಚಿಲ್ಲರೆ ವ್ಯಾಪಾರದಲ್ಲಿ ಸುಮಾರು 1.4 ನೌಕರಿಗಳು ಇಲ್ಲವಾದವು. ಒಟ್ಟು ಉದ್ಯೋಗ ತುಸು ಹೆಚ್ಚಿತೆನ್ನುವ ಎಮೆಕ್ ಬಾಸ್ಕರ್ ಅವರ 2005ರ ಅಧ್ಯಯನವೂ ಇದೆ. ವಿದ್ವಾಂಸರ ಚರ್ಚೆ ಮುಗಿದಿಲ್ಲ. ಆದರೆ ಬಲದ ಪ್ರಯೋಗಕ್ಕೆ ಸಾಕ್ಷಿ ನಿಚ್ಚಳವಾಗಿದೆ. ಕೆನಡಾದ ಜೋಂಕಿಯೇರ್ ಎಂಬಲ್ಲಿ ಕೆಲಸಗಾರರು 2004ರಲ್ಲಿ ಸಂಘ ಕಟ್ಟಿದರು. 2005ರಲ್ಲಿ ಸಂಸ್ಥೆ ಆ ಅಂಗಡಿಯನ್ನೇ ಮುಚ್ಚಿತು. ಈ ಪ್ರಕರಣದಲ್ಲಿ ಕಾರ್ಮಿಕ ಕಾನೂನಿನ ಉಲ್ಲಂಘನೆಯಾಗಿದೆಯೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2014ರಲ್ಲಿ. ಅಷ್ಟರಲ್ಲಿ ಒಂಬತ್ತು ವರ್ಷ ಸಂದಿತ್ತು.

ಸಂಬಳ ಏರಿಸಿದರೆ ಅಗ್ಗದ ವ್ಯಾಪಾರವೇ ನಿಲ್ಲುವುದೆಂಬ ವಾದವಿದೆ. ಆದರೆ ಇದೇ ಸಂಸ್ಥೆ ಕನಿಷ್ಠ ವೇತನವನ್ನು 2015ರಲ್ಲಿ ಗಂಟೆಗೆ 9 ಡಾಲರಿಗೂ, ಕೆಲಸಗಾರರು ದೊರಕುವುದು ದುರ್ಲಭವಾದ ಮೇಲೆ 2023ರಲ್ಲಿ 14 ಡಾಲರಿಗೂ ಏರಿಸಿತು. ಅದರ ವ್ಯಾಪಾರ ಕುಂದಲಿಲ್ಲ. ಕೊಡುವ ಸಾಮರ್ಥ್ಯ ಅದಕ್ಕಿತ್ತು; ಕೊಡಲೇಬೇಕಾದ ಒತ್ತಡ ತಡವಾಗಿ ಬಂತು.

ಪೋಪ್ 13ನೆಯ ಲಿಯೋ ಅವರು 1891ರ 'ರೇರುಂ ನೊವಾರುಂ' ಪರಿಪತ್ರದಲ್ಲಿ ಈ ತತ್ತ್ವವನ್ನೇ ಎತ್ತಿ ಹಿಡಿದಿದ್ದರು. ಬೇರೆ ದಾರಿಯಿಲ್ಲದೆ ಒಪ್ಪಿಕೊಂಡ ಅಲ್ಪ ಸಂಬಳದ ಒಪ್ಪಂದ ನಿಜವಾದ ಒಪ್ಪಂದವಲ್ಲ; ಅದು ಬಲಾತ್ಕಾರಕ್ಕೆ ತಲೆಬಾಗುವುದೇ ಆಗಿದೆ.

ಇದು ದೂರದ ದೇಶದ ಕಥೆ ಮಾತ್ರವಲ್ಲ. 2018ರಲ್ಲಿ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರ್ ತೆತ್ತು, ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್‌ನ ಶೇ. 77ರಷ್ಟು ಪಾಲನ್ನು ಪಡೆಯಿತು. ಅಗ್ಗದ ದರದಿಂದ ನಮಗೆ ಉಳಿತಾಯವಾಗುವುದು ನಿಜ. ಆದರೆ ನಮ್ಮ ಮನೆಗಳಲ್ಲಿ ಕೊಳ್ಳುವವರಿರುವಂತೆ ಅಂಗಡಿಯಲ್ಲೂ ಉಗ್ರಾಣದಲ್ಲೂ ದುಡಿಯುವ ಮಕ್ಕಳಿದ್ದಾರೆ. ತಾಯಿಯ ಚೀಲದಲ್ಲಿ ಉಳಿದ ಹಣ ಮಗನ ಸಂಬಳದಿಂದಲೇ ಕಡಿತವಾದದ್ದಾದರೆ ಆ ಕುಟುಂಬಕ್ಕೆ ಲಾಭವೇನು? ದಕ್ಷತೆಗೆ ಸ್ವಾಗತವಿರಲಿ, ಸಂಘ ಕಟ್ಟುವ ಹಕ್ಕಿಗೂ ಸಣ್ಣ ವ್ಯಾಪಾರಿಯ ಬಾಳ್ವೆಗೂ ಕಾನೂನಿನ ರಕ್ಷಣೆಯಿರಲಿ. ಇದನ್ನು ಅಂಗಡಿಗಳು ಮುಚ್ಚಿದ ಮೇಲಲ್ಲ, ಈಗಲೇ ಕೇಳುವುದು ನಮ್ಮೆಲ್ಲರ ಕರ್ತವ್ಯ.