ಕೈಯಲ್ಲಿ ಮಾಡಿದ್ದು ಎಂದ ಮಾತ್ರಕ್ಕೆ ಮೈಗೆ ಕೂರುವುದಿಲ್ಲ

ಕಳೆದ ಬಾರಿ ನಮ್ಮ ಕಾಲೇಜಿನ ಕರಕುಶಲ ಪ್ರದರ್ಶನದಲ್ಲಿ ನಾನು ಹೆಣೆದ ಬೂದು ಬಣ್ಣದ ಸ್ವೆಟರ್ ಮೇಜಿನ ಮೇಲಿತ್ತು. ನೋಡಿದವರೆಲ್ಲ ಹೊಗಳಿದರು. ಎಷ್ಟು ದಿನ ಹಿಡಿಯಿತು, ಉಲ್ಲನ್‌ಗೆ ಎಷ್ಟಾಯಿತು ಎಂದು ಕೇಳಿದರು. ಯಾರಿಗೆ ಹೆಣೆದದ್ದು, ಅವರಿಗೆ ಅದು ಸರಿಯಾಗುತ್ತದೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಅದು ನನ್ನ ಅಬ್ಬಾಗೆ ಹೆಣೆದದ್ದು. ಅವರು ಚಿಕ್ಕಮಗಳೂರಿನಲ್ಲಿ ತರಕಾರಿ ಸಾಗಿಸುವ ಗಾಡಿ ಓಡಿಸುತ್ತಾರೆ. ಡಿಸೆಂಬರ್ ಚಳಿಯಲ್ಲೂ ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಡಬೇಕು. ಪ್ರದರ್ಶನ ಮುಗಿದ ಮರುದಿನ ಸ್ವೆಟರ್ ಕೊಟ್ಟೆ. ತಲೆ ತೂರಿಸಲೇ ಒದ್ದಾಡಿದರು. ಆದರೂ ‘ತುಂಬಾ ಬೆಚ್ಚಗಿದೆ ಬೇಟಾ’ ಎಂದರು. ವಾರದ ನಂತರ ಏನೋ ಹುಡುಕುವಾಗ ಗಾಡಿಯ ಸೀಟಿನ ಹಿಂದೆ ಅದು ನೀಟಾಗಿ ಮಡಚಿಟ್ಟಿದ್ದು ಕಂಡಿತು. ಹಾಕಿಕೊಂಡರೆ ಕ್ರೇಟ್ ಎತ್ತಲು ತೋಳು ಮೇಲೆ ಹೋಗುತ್ತಿರಲಿಲ್ಲವಂತೆ. ನಮ್ಮ ಬೀದಿ ದಾಟಿದ ಮೇಲೆ ತೆಗೆದಿಟ್ಟು, ಬರೀ ಶರ್ಟಿನಲ್ಲಿ ಕೆಲಸ ಮುಗಿಸಿ, ಮನೆ ಹತ್ತಿರ ಬಂದಾಗ ಮತ್ತೆ ಹಾಕಿಕೊಳ್ಳುತ್ತಿದ್ದರು.

‘ಕೈಯಲ್ಲಿ ಮಾಡಿದ್ದಲ್ವಾ, ಅಳತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆಯುತ್ತೆ’ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಅದು ನಡೆಯುವುದು ಹಾಕಿಕೊಳ್ಳುವವರು ಸುಮ್ಮನೆ ಸಹಿಸಿಕೊಂಡಾಗ ಮಾತ್ರ.

ತಪ್ಪು ಎಲ್ಲಾಯಿತು ಎಂದು ಆಮೇಲೆ ಲೆಕ್ಕ ಹಾಕಿದೆ. ಅಬ್ಬಾರ ಎದೆಯ ಸುತ್ತಳತೆ 96 ಸೆಂ.ಮೀ. ನಾನು ನೋಡಿಕೊಂಡ ವಿನ್ಯಾಸದ ಪ್ರಕಾರ ಮುಗಿದ ಸ್ವೆಟರ್ ಸುಮಾರು 104 ಸೆಂ.ಮೀ. ಬರಬೇಕು, ಅಂದರೆ ಒಳಗೆ ಶರ್ಟ್ ಇದ್ದರೂ ಸಡಿಲ. ಅದಕ್ಕೆ ಮುಂಭಾಗಕ್ಕೊಂದು 116 ಸ್ಟಿಚ್, ಹಿಂಭಾಗಕ್ಕೊಂದು 116. ಜೋಡಿಸಿ ಹೊಲಿಯುವಾಗ ಒಂದೊಂದರಲ್ಲೂ ಎರಡು ಒಳಗೆ ಹೋಗಿ 114 ಉಳಿಯುತ್ತವೆ. ಆದರೆ ಈ ಲೆಕ್ಕವೆಲ್ಲ 10 ಸೆಂ.ಮೀ.ಗೆ 22 ಸ್ಟಿಚ್ ಬೀಳುವ ಕೈಗೆ. ಹೊಸಬಳಾದ ನಾನು ನೂಲು ಜಾರೀತೆಂಬ ಭಯಕ್ಕೆ ಬಿಗಿಯಾಗಿ ಎಳೆಯುತ್ತಿದ್ದೆ. ನನ್ನದರಲ್ಲಿ 25 ಬೀಳುತ್ತಿತ್ತು. ಬರೀ ಮೂರು ಸ್ಟಿಚ್ ವ್ಯತ್ಯಾಸ. ಈಗ ಭಾಗಿಸಿ ನೋಡಿ: ಸ್ವೆಟರಿನ ಸುತ್ತಳತೆ 91 ಸೆಂ.ಮೀ. ಅಬ್ಬಾರ ಎದೆಗಿಂತಲೂ ಐದು ಕಡಿಮೆ!

ಮೊದಲೇ ಒಂದು ಮಾದರಿ ತುಂಡು ಹೆಣೆದಿದ್ದರೆ ಇದು ಒಂದೇ ಸಂಜೆಯಲ್ಲಿ ತಿಳಿಯುತ್ತಿತ್ತು. ಅದೇ ನೂಲು, ಅದೇ ಸೂಜಿಯಲ್ಲಿ 34 ಸ್ಟಿಚ್ ಹಾಕಿ ಅಂಗೈಗಿಂತ ದೊಡ್ಡ ಚೌಕ ಹೆಣೆಯುವುದು, ಸ್ವೆಟರನ್ನು ಒಗೆಯುವಂತೆಯೇ ಅದನ್ನೂ ಒಗೆದು ಹರಡಿ ಒಣಗಿಸುವುದು, ನಂತರ ನಡುವಿನ 10 ಸೆಂ.ಮೀ.ನಲ್ಲಿ ಎಷ್ಟು ಸ್ಟಿಚ್ ಇವೆ ಎಂದು ಎಣಿಸುವುದು. ಅಂಚು ಸುರುಳಿಕೊಳ್ಳುತ್ತದೆ, ಅದನ್ನು ನಂಬಬಾರದು. ಅರ್ಧ ಸ್ಟಿಚ್ ಇದ್ದರೂ ಬಿಡಬಾರದು. ಸ್ಟಿಚ್ ಹೆಚ್ಚು ಬಂದರೆ ದಪ್ಪ ಸೂಜಿ. ನಮ್ಮ ಅಂಗಡಿಗಳ ಹಳೆಯ ನಂಬರಿನ ಸೂಜಿಗಳಲ್ಲಿ ನಂಬರ್ ಏರಿದಷ್ಟೂ ಸೂಜಿ ಸಪೂರವಾಗುತ್ತದೆ. ನಂಬರ್ 8 ಎಂದರೆ 4 ಮಿ.ಮೀ., 10 ಎಂದರೆ 3.25. ಇದು ಗೊತ್ತಿಲ್ಲದೆ ನಾನು ಒಮ್ಮೆ ಉಲ್ಟಾ ಸೂಜಿ ತಂದದ್ದೂ ಉಂಟು.

ಮಾದರಿಗೆ ಸಮಯ ದಂಡ ಎನ್ನುವ ವಿಜ್ಞಾನ ವಿಭಾಗದ ಗೆಳತಿಯರಿಗೆ ಒಂದು ಪ್ರಶ್ನೆ. ಟೈಟ್ರೇಶನ್‌ನಲ್ಲಿ ರಫ್ ರೀಡಿಂಗ್ ತೆಗೆಯುವಾಗ ಹಾಗೆ ಹೇಳುತ್ತೇವೆಯೇ?

ಎಲಿಜಬೆತ್ ಝಿಮ್ಮರ್‌ಮನ್ ಎಂಬಾಕೆ 1971ರಲ್ಲಿ ಬರೆದ ‘ನಿಟಿಂಗ್ ವಿದೌಟ್ ಟಿಯರ್ಸ್’ ಹೆಣಿಗೆಯವರಿಗೆ ಚಿರಪರಿಚಿತ ಪುಸ್ತಕ. ಆಕೆಯ ಲೆಕ್ಕ ಶುರುವಾಗುವುದೇ ಈ ಮಾದರಿಯಿಂದ. ಮೈಯ ಸುತ್ತಿಗೆ ಎಷ್ಟು ಸ್ಟಿಚ್ ಎಂದು ತಿಳಿದರೆ ಮಣಿಕಟ್ಟಿಗೆ ಅದರ ಐದನೇ ಒಂದು ಭಾಗ, ಮೇಲ್ತೋಳಿಗೆ ಸುಮಾರು ಮೂರನೇ ಒಂದು ಭಾಗ. ನನ್ನ ಕೈಗೆ ಸುತ್ತು 260 ಬಂತು, ಹಾಗಾಗಿ ಮಣಿಕಟ್ಟಿಗೆ 52, ಮೇಲ್ತೋಳಿಗೆ 86. ಪಿಯುಸಿ ಗಣಿತವೂ ಬೇಡ, ಏಳನೇ ತರಗತಿಯದ್ದು ಸಾಕು.

ಹೌದು, ಮೊದಲ ಸ್ವೆಟರನ್ನು ಪೂರ್ತಿ ಬಿಚ್ಚಿದೆ. ಎರಡು ತಿಂಗಳ ಕೆಲಸ ಒಂದು ಭಾನುವಾರದಲ್ಲಿ ಉಂಡೆಯಾಯಿತು. ಅಮ್ಮಿ ನೋಡಲಾಗದೆ ಅಡುಗೆಮನೆಗೆ ಹೋದರು. ಬಿಚ್ಚಿದ ನೂಲು ಸುಕ್ಕುಸುಕ್ಕಾಗಿರುತ್ತದೆ. ಲಡಿ ಸುತ್ತಿ ಕಟ್ಟಿ, ಒದ್ದೆ ಮಾಡಿ ನೇತುಹಾಕಿದೆ. ಈ ಬಾರಿ ಅಬ್ಬಾರ ಮೈಗೆ ಟೇಪ್ ಹಿಡಿಯುವುದರ ಜೊತೆಗೆ, ಅವರಿಗೆ ಚೆನ್ನಾಗಿ ಕೂರುವ ಹಳೆಯ ಸ್ವೆಟರನ್ನೂ ನೆಲದ ಮೇಲೆ ಹರಡಿ ಅಳೆದೆ. ಒಂದೊಂದು ಭಾಗಕ್ಕೆ 132 ಸ್ಟಿಚ್. ನೂಲು ಸಾಲದೆ ಮತ್ತೆ ಕೊಂಡದ್ದು ಬೇರೆ ಲಾಟ್‌ನದು, ಆದ್ದರಿಂದ ತೋಳಿನ ತುದಿ ಕೊಂಚ ಗಾಢ ಬೂದು. ಅಬ್ಬಾ ಅದನ್ನೇ ಡಿಸೈನ್ ಎಂದುಕೊಂಡಿದ್ದಾರೆ. ನಾನು ತಿದ್ದಿಲ್ಲ.

ನಮ್ಮ ಕರಕುಶಲ ತರಗತಿ ನಡೆಸುವ ಮೇಡಂ ಅವರಲ್ಲಿ ಒಂದು ಮನವಿ. ಪ್ರದರ್ಶನದ ತಾರೀಕು ಹಿಡಿದು ನಾವು ಹೆಣೆಯುತ್ತೇವೆ, ಎಷ್ಟು ವಸ್ತು ಮುಗಿಯಿತು ಎಂದೇ ಎಣಿಸುತ್ತೇವೆ. ಮೊದಲ ವಾರ ಬರೀ ಮಾದರಿ ತುಂಡಿಗೆ ಮೀಸಲಿಡಿ. ಮುಂದಿನ ಪ್ರದರ್ಶನದಲ್ಲಿ ಪ್ರತಿ ಸ್ವೆಟರಿನ ಪಕ್ಕ ಅದರ ಮಾದರಿಯನ್ನೂ, ಹಾಕಿಕೊಳ್ಳುವವರ ಅಳತೆಯ ಚೀಟಿಯನ್ನೂ ಇಡೋಣ. ವಸ್ತುಗಳು ಕಡಿಮೆಯಾದರೆ ಆಗಲಿ. ತಮ್ಮನಿಗಾಗಿ ನನ್ನ ಚೌಕ ಈಗಾಗಲೇ ಒಣಗುತ್ತಿದೆ. ಅವನು ಬೆಳೆಯುವ ಹುಡುಗ, ಎದೆಗೆ ಎಷ್ಟು ಹೆಚ್ಚಿಗೆ ಬಿಡಬೇಕು ಎಂಬ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ.