ಕಷ್ಟಕ್ಕೆ ಸೇರು, ಪಾವು ಇದೆಯೇ?

ಸೋದರಿಯರೇ, ನಾಲ್ಕು ಜನ ಸೇರಿದ ಕಡೆ ಸಮಾನ ಹಕ್ಕಿನ ಮಾತು ಬಂದರೆ ಸಾಕು, “ಅವರದ್ದೇನು ಮಹಾ ಕಷ್ಟ? ನಿಜವಾಗಿ ಕಷ್ಟಪಟ್ಟವರು ಇವರು” ಎಂದು ಯಾರಾದರೂ ಅಂದೇ ಅನ್ನುತ್ತಾರೆ. ಕಷ್ಟವನ್ನು ಅಕ್ಕಿಯ ಹಾಗೆ ಸೇರಿನಲ್ಲಿ ಅಳೆಯಲಿಕ್ಕೆ ಬರುತ್ತದೆಯೇ? ಆದರೆ ಪಕ್ಕಪಕ್ಕ ಇಟ್ಟು ನೋಡಬಹುದು. ನೋಡೋಣ ಬನ್ನಿ.

ಮೊದಲು ನಮ್ಮ ದೇಶದ್ದು. ಮಹಾರಾಷ್ಟ್ರದ ಮಹಾಡಿನ ಚವದಾರ್ ಕೆರೆಯ ನೀರನ್ನು ದನಕರು ಕುಡಿಯಬಹುದಿತ್ತು, ದಲಿತರು ಮುಟ್ಟುವಂತಿರಲಿಲ್ಲ. ಕೆರೆ ಎಲ್ಲರಿಗೂ ಸೇರಿದ್ದೆಂದು ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಅದು ಕಾಗದದಲ್ಲೇ ಉಳಿಯಿತು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರರು ತಮ್ಮ ಜನರೊಡನೆ ನಡೆದುಹೋಗಿ ಆ ನೀರು ಕುಡಿದರು. ಜನರಿಗೆ ಸಿಕ್ಕಿದ್ದು ಪೆಟ್ಟು. ಕೆರೆಗೆ ‘ಶುದ್ಧಿ’ ಬೇರೆ! ಮುಂಬಯಿ ಹೈಕೋರ್ಟಿನಲ್ಲಿ ನ್ಯಾಯ ಸಿಗುವ ಹೊತ್ತಿಗೆ 1937 ಬಂದಿತ್ತು.

ಇನ್ನು ದೂರದ ಅಮೆರಿಕ. ಮಾಂಟ್ಗೊಮರಿ ಎಂಬ ಊರಿನ ಬಸ್ಸಿನಲ್ಲಿ 1955ರ ಡಿಸೆಂಬರ್ 1ರಂದು, ಹೊಲಿಗೆ ಕೆಲಸದ ರೋಸಾ ಪಾರ್ಕ್ಸ್ ಬಿಳಿಯನೊಬ್ಬನಿಗೆ ಸೀಟು ಬಿಟ್ಟು ಏಳಲಿಲ್ಲ. ಪೊಲೀಸರು ಹಿಡಿದರು. ಅಲ್ಲಿನ ಕಪ್ಪು ಜನ 381 ದಿನ ಬಸ್ಸು ಹತ್ತದೆ ನಡೆದರು, ಇದ್ದ ಕಾರುಗಳಲ್ಲಿ ಹಂಚಿಕೊಂಡು ಓಡಾಡಿದರು. ಅದಕ್ಕೆಲ್ಲ ದುಡ್ಡು? ಇಲ್ಲಿ ನಮ್ಮಂಥವರ ಕೈಯಿದೆ ನೋಡಿ! ಜಾರ್ಜಿಯಾ ಗಿಲ್ಮೋರ್ ಎಂಬ ಅಡಿಗೆಯಾಕೆ ಹೆಂಗಸರನ್ನು ಕೂಡಿಸಿಕೊಂಡು, ಕೋಳಿ ಹುರಿದು, ಕೇಕು ಮಾಡಿ ಮಾರಿ ಹಣ ಕೊಟ್ಟಳು. ಎಲ್ಲಿಂದ ಬಂತೆಂದು ಕೇಳಿದರೆ “ಎಲ್ಲಿಂದಲೂ ಇಲ್ಲ” ಅನ್ನುವುದು. ಮಾಡಿಕೊಟ್ಟವರ ಕೆಲಸ ಹೋಗಬಾರದಲ್ಲ. 1956ರ ಕೊನೆಗೆ ಕೋರ್ಟಿನ ತೀರ್ಪಿನಿಂದ ಬೇಕಾದ ಸೀಟಿನಲ್ಲಿ ಕೂತರು.

ಮೂರನೆಯವರು, ಗಂಡಾಗಿ ಹುಟ್ಟಿ ಹೆಣ್ಣಿನ ಮನಸ್ಸಿನವರು, ಹೆಣ್ಣಾಗಿ ಹುಟ್ಟಿ ಗಂಡಿನ ಮನಸ್ಸಿನವರು. ಒಬ್ಬರು ಕೇಳಿದ್ದು ನೀರು, ಇನ್ನೊಬ್ಬರು ಸೀಟು. ಇವರು ಕೇಳಿದ್ದು “ನಾವು ಏನಾಗಿದ್ದೇವೋ ಹಾಗೇ ಬರೆದುಕೊಳ್ಳಿ” ಎಂದು. ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ಒಪ್ಪಿತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೌಕರಿಗಳಲ್ಲಿ ಶೇಕಡಾ 1ರಷ್ಟು ಮೀಸಲಾತಿಯನ್ನೂ ಕೊಟ್ಟಿತು.

ಮೂವರ ಹೋರಾಟವೂ ಒಂದೇ ಬಗೆಯದು ಅನ್ನಿಸುತ್ತದೆ, ಅಲ್ಲವೇ? ಆದರೆ ಒಂದು ವ್ಯತ್ಯಾಸ ಇದೆ. ಮಹಾಡಿನಲ್ಲಿ ಪೆಟ್ಟು ತಿಂದ ಮಗ ಮನೆಗೆ ಬಂದರೆ ತಾಯಿ ಗಾಯ ತೊಳೆಯುತ್ತಿದ್ದಳು. ಮಾಂಟ್ಗೊಮರಿಯಲ್ಲಿ ನಡೆದು ದಣಿದ ಮಗಳಿಗೆ ಅಮ್ಮ ಊಟ ಬಡಿಸುತ್ತಿದ್ದಳು. ಏಕೆಂದರೆ ಅವಮಾನ ಇಡೀ ಮನೆಯದು. ಈ ಮೂರನೆಯ ಮಗುವಿಗೋ, ಎಷ್ಟೋ ಸಲ ಮೊದಲ ಪೆಟ್ಟು ಬೀಳುವುದೇ ಮನೆಯಲ್ಲಿ, ಮೊದಲು ಮುಚ್ಚುವುದೇ ಮನೆಯ ಬಾಗಿಲು. ನಮ್ಮ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ, ಜೋಗತಿ ನೃತ್ಯ ಕಲಿತವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಬಂತು. ಎಲ್ಲರಿಗೂ ಅಂಥ ಗಟ್ಟಿ ಜೀವ ಇರುತ್ತದೆಯೇ?

ಕೆರೆಯನ್ನು ಕೋರ್ಟು ತೆರೆಸಬಹುದು, ಸೀಟನ್ನು ಕಾನೂನು ಕೊಡಿಸಬಹುದು. ಮನೆಯ ಅಗುಳಿ ಇರುವುದು ನಮ್ಮ ಕೈಯಲ್ಲೇ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ನಡೆನುಡಿ ಬೇರೆ ಥರ ಇರುವ ಮಗುವಿದ್ದರೆ ಹೊಡೆಯಬೇಡಿ, ಹೊಡೆಯುವವರನ್ನು ಬಿಡಬೇಡಿ. ಓದು ನಿಲ್ಲದಂತೆ ನೋಡಿಕೊಳ್ಳಿ. ಎಲ್ಲರ ಜೊತೆ ಅದೇ ಪಂಕ್ತಿಯಲ್ಲಿ ತಟ್ಟೆ ಹಾಕಿ. ಇಷ್ಟಕ್ಕೆ ಯಾವ ಕೋರ್ಟಿನ ಅಪ್ಪಣೆಯೂ ಬೇಡ.